ಬಿಟ್ಟ ಬುಟ್ಟಿಯಲ್ಲಿ ಎರಡು ತಟ್ಟೆ

ಅಂಗಡಿಗೆ ಬಂದವರು ಬರಿಗೈಯಲ್ಲಿ ವಾಪಸು ಹೋದರೆ ಅಂಗಡಿಯವನಿಗೆ ಹೊಟ್ಟೆ ಉರಿಯುತ್ತದೆ. ಇದು ಇವತ್ತು ನಿನ್ನೆಯ ಕಾಯಿಲೆಯಲ್ಲ. ಹಿಂದೆ ಗಲ್ಲಾದ ಹಿಂದೆ ಕೂತವನು "ಬನ್ನಿ ಅಮ್ಮಾ, ಬನ್ನಿ, ಇನ್ನೂ ಸ್ವಲ್ಪ ಕಡಿಮೆ ಮಾಡೋಣ" ಎಂದು ಬೀದಿಯ ತಿರುವಿನವರೆಗೂ ಕೂಗುತ್ತಿದ್ದ. ಈಗ ಅಂಗಡಿ ಫೋನಿನೊಳಗೆ ಬಂದು ಕೂತಿದೆ. ಕೂಗುವ ಕೆಲಸವನ್ನು ಇಮೇಲ್ ಮಾಡುತ್ತದೆ. ಆ ಇಮೇಲಿಗೆ ಮಾತು ಕಲಿಸುವವರು ಯಾರಾದರೂ ಬೇಕಲ್ಲ, ಟೈರ್ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ ಕೂತು ಕಲಿಸುತ್ತಿದ್ದವಳು ಓಲೆಯಕ್ಕ.

ಓಲೆಯಕ್ಕ ಎಂಬುದು ಆಫೀಸಿನವರು ಇಟ್ಟ ಹೆಸರು. ಅಪ್ಪ ಅಮ್ಮ ಇಟ್ಟದ್ದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಗೆ ಬರುತ್ತಿರಲಿಲ್ಲ. ನಲವತ್ತೊಂದರ ಹೆಂಗಸು, ಮೂಗಿನ ತುದಿಗೆ ಜಾರುವ ಕನ್ನಡಕ, ಮನೆಯಲ್ಲಿ ಹದಿನಾಲ್ಕರ ಒಬ್ಬಳೇ ಮಗಳು. ಇಬ್ಬರ ಹೊಟ್ಟೆಗೂ ತಲೆಯ ಮೇಲಿನ ಸೂರಿಗೂ ಈ ಕೆಲಸವೇ ಆಧಾರ. ಬಾಣಲೆಯಿಂದ ಹಿಡಿದು ಬಾಗಿಲ ಚಿಲಕದವರೆಗೆ ಮನೆಗೆ ಬೇಕಾದ್ದನ್ನೆಲ್ಲ ಮಾರುವ ಆನ್‌ಲೈನ್ ಅಂಗಡಿ ಅದು. ಜನ ಬರುತ್ತಾರೆ, ನೋಡುತ್ತಾರೆ, ಕಾರ್ಟ್‌ಗೆ ಹಾಕುತ್ತಾರೆ, ದುಡ್ಡು ಕಟ್ಟುವ ಹೊತ್ತಿಗೆ ಸರಿಯಾಗಿ ಮಾಯ. ಹಾಗೆ ಬಿಟ್ಟುಹೋದ ಕಾರ್ಟ್‌ಗೆ ಆಫೀಸಿನಲ್ಲಿ 'ಬಿಟ್ಟ ಬುಟ್ಟಿ' ಅನ್ನುತ್ತಿದ್ದರು. ಬಿಟ್ಟವರನ್ನು ಮತ್ತೆ ಎಳೆದು ತರಲು ಎರಡು ಪತ್ರ: ಬಿಟ್ಟ ಒಂದು ಗಂಟೆಗೆ ಮೊದಲನೆಯದು, ಮರುದಿನ ಎರಡನೆಯದು. ಬರೆದಿಡುವುದು ಓಲೆಯಕ್ಕ, ಹೊತ್ತಿಗೆ ಸರಿಯಾಗಿ ಕಳಿಸುವುದು ಯಂತ್ರ.

ಅವಳ ಪತ್ರವೆಂದರೆ ಸುಮ್ಮನೆಯಲ್ಲ. ಬೇರೆ ಅಂಗಡಿಗಳವರು 'ನಿಮ್ಮ ಖರೀದಿ ಅಪೂರ್ಣವಾಗಿದೆ' ಎಂದು ಕೋರ್ಟ್ ನೋಟೀಸಿನ ಹಾಗೆ ಬರೆದರೆ, ಇವಳದು ಪಕ್ಕದ ಮನೆಯ ಅತ್ತೆ ಬೇಲಿಯ ಆಚೆಯಿಂದ ಕರೆದ ಹಾಗೆ. 'ಪಾಪ, ನಿಮ್ಮ ಬಾಣಲೆ ಒಂಟಿಯಾಗಿ ಕೂತಿದೆ' ಎಂಬುದು ಅವಳ ಪ್ರಸಿದ್ಧ ತಲೆಬರಹ. ಬಾಣಲೆ ಇದ್ದ ಜಾಗ ಖಾಲಿ. ಅಲ್ಲಿ ಯಾರ ಬುಟ್ಟಿಯಲ್ಲಿ ಮೊದಲು ಏನಿದೆಯೋ ಅದರ ಹೆಸರನ್ನು ಯಂತ್ರವೇ ತುಂಬಿಕೊಳ್ಳುತ್ತದೆ. ಬಾಣಲೆ, ಛತ್ರಿ, ದಿಂಬು, ಏನು ಬೇಕಾದರೂ ಒಂಟಿಯಾಗಿ ಕೂತು ಅಳಬಹುದು. ಜನ ನಗುತ್ತ ಪತ್ರ ತೆರೆಯುತ್ತಿದ್ದರು, ನಗುತ್ತಲೇ ಕೊಳ್ಳುತ್ತಿದ್ದರು. ಓಲೆಯಕ್ಕನಿಗೆ ಇದರ ಬಗ್ಗೆ ಒಂದಿಷ್ಟು ಜಂಬವೂ ಇತ್ತು, ಯಾಕೆ ಸುಳ್ಳು ಹೇಳಬೇಕು.

ಆ ಜಂಬದಲ್ಲೇ ಎರಡು ತಿಂಗಳ ಹಿಂದೆ ಮೀಟಿಂಗಿನಲ್ಲಿ ಬಾಯಿ ಹಾಕಿದ್ದಳು. ಒಂದೇ ಖಾತೆಯನ್ನು ಮನೆಯ ನಾಲ್ಕೈದು ಜನ ಸೇರಿ ಬಳಸುವುದುಂಟು; ಎರಡನೇ ಪತ್ರವನ್ನು ಬುಟ್ಟಿ ಬಿಟ್ಟವರೊಬ್ಬರಿಗೇ ಕಳಿಸುವ ಬದಲು ಖಾತೆಯಲ್ಲಿರುವ ಎಲ್ಲರಿಗೂ ಕಳಿಸಿದರೆ ಹೇಗೆ? ಹೆಂಡತಿ ಆಸೆಪಟ್ಟು ಬಿಟ್ಟದ್ದನ್ನು ಗಂಡ ನೋಡುತ್ತಾನೆ, ಮಗ ನೋಡುತ್ತಾನೆ, ಯಾರಿಗಾದರೂ ಮನಸ್ಸು ಕರಗುತ್ತದೆ. "ಹಾಕಿ ಆಮೇಲೆ ತೆಗೆದವರಿಗೂ ಕಳಿಸೋಣ ಸರ್, ಆಸೆ ಜಾಸ್ತಿ ಇರೋದೇ ಅವರಿಗೆ," ಎಂದೂ ಸೇರಿಸಿದ್ದಳು. ಮ್ಯಾನೇಜರ್ ಮೇಜು ಕುಟ್ಟಿ ಭೇಷ್ ಎಂದಿದ್ದ, ಕಂಪನಿಯ ಹೆಸರಿದ್ದ ಒಂದು ಕಾಫಿ ಮಗ್ಗನ್ನು ಎಲ್ಲರೆದುರು ಅವಳ ಕೈಗೆ ಕೊಟ್ಟಿದ್ದ. ಅದಕ್ಕೆ 'ಮನೆಮಂದಿ ಪತ್ರ' ಎಂದು ಹೆಸರಾಯಿತು. ಅದು ಮೊದಲ ಬಾರಿಗೆ ಹೊರಡುವುದು ಇವತ್ತು, ಮಧ್ಯಾಹ್ನ ನಾಲ್ಕಕ್ಕೆ. ಹನ್ನೊಂದು ಸಾವಿರ ಬುಟ್ಟಿಗಳ ಪಟ್ಟಿ ನಿನ್ನೆಯೇ ಬೀಗ ಹಾಕಿಕೊಂಡು ಯಂತ್ರದೊಳಗೆ ಕೂತಿತ್ತು. ಅದನ್ನು ನೋಡಿ ದುಡ್ಡು ಹೂಡಬೇಕೋ ಬೇಡವೋ ಎಂದು ತೀರ್ಮಾನಿಸಲು ದೊಡ್ಡ ಕಂಪನಿಯೊಂದರಿಂದ ಮೂವರು ಬಂದಿದ್ದರು. ಗಾಜಿನ ಕೋಣೆಯಲ್ಲಿ ಗೋಡೆಯಷ್ಟಗಲದ ಪರದೆ, ಬಿಸ್ಕತ್ತಿನ ತಟ್ಟೆ, ಮ್ಯಾನೇಜರನ ಇಸ್ತ್ರಿ ಮುರಿಯದ ಕೋಟು.

ಮೂರು ಗಂಟೆ ಹದಿನೇಳು ನಿಮಿಷಕ್ಕೆ ಓಲೆಯಕ್ಕ ತನ್ನ ಹಳೆಯ ಚಟದಂತೆ ಉತ್ತರದ ಡಬ್ಬಿ ತೆರೆದಳು. ಪ್ರತಿ ಪತ್ರದ ಬುಡದಲ್ಲೂ 'ದಯವಿಟ್ಟು ಇದಕ್ಕೆ ಉತ್ತರಿಸಬೇಡಿ' ಎಂದಿರುತ್ತದೆ. ಜನ ಕೇಳಬೇಕಲ್ಲ! ಬೈಯುವವರು ಬೈಯುತ್ತಾರೆ, ಕೆಲವರು ತಮ್ಮ ಬೆನ್ನುನೋವಿನ ಕತೆ ಬರೆಯುತ್ತಾರೆ. ಆ ಡಬ್ಬಿಯನ್ನು ಇಡೀ ಆಫೀಸಿನಲ್ಲಿ ಓದುತ್ತಿದ್ದವಳು ಅವಳೊಬ್ಬಳೇ. ಇವತ್ತು ಮೇಲುಗಡೆಯೇ ಒಂದು ಕೂತಿತ್ತು, ಏಳು ನಿಮಿಷದ ಹಿಂದೆ ಬಂದದ್ದು.

'ಸರ್ ಅಥವಾ ಮೇಡಂ, ನಾನು ಸುಮ್ಮನೆ ನೋಡ್ತಿದ್ದೆ. ಕಾರ್ಟ್ ಖಾಲಿ ಮಾಡಿದೀನಿ. ಆದ್ರೂ ನಾಳೆ ನಾಲ್ಕಕ್ಕೆ ಮನೆಮಂದಿಗೆಲ್ಲ ನೆನಪಿಸ್ತೀವಿ ಅಂತ ನಿಮ್ಮ ನಿನ್ನೆ ಪತ್ರದ ಕೆಳಗೆ ಇದೆ. ದಯವಿಟ್ಟು ಕಳಿಸಬೇಡಿ. ನಮ್ಮನೆಯವರು ನೋಡಬಾರದು. ನನಗೆ ಉತ್ತರ ಬರೀಬೇಡಿ, ಫೋನ್ ಅವರು ತೆಗೆದು ನೋಡ್ತಾರೆ. ಇದನ್ನ ಕಳಿಸಿ ಅಳಿಸಿಬಿಡ್ತೀನಿ. ಕೈ ಮುಗೀತೀನಿ.'

ಮನೆಯವರಿಗೆ ಗುಟ್ಟಾಗಿ ಏನೋ ಉಡುಗೊರೆ ಕೊಳ್ಳುತ್ತಿರಬೇಕು, ಎಂದುಕೊಂಡಳು ಓಲೆಯಕ್ಕ. ಹಾಗೆಂದುಕೊಂಡರೂ ಬೆರಳು ಸುಮ್ಮನಿರಲಿಲ್ಲ, ಆ ವಿಳಾಸ ಹುಡುಕಿ ಪಟ್ಟಿಯಲ್ಲಿ ಅವಳ ಬುಟ್ಟಿ ತೆರೆಯಿತು. ಖಾತೆಯಲ್ಲಿ ಮೂರು ಜನ: ಗಂಡ, ಗಂಡನ ತಾಯಿ, ಇವಳು. ಬುಟ್ಟಿಯಲ್ಲಿ ಐದು ಸಾಮಾನು.

ಒಳಗಿನಿಂದ ಹಾಕುವ ಉಕ್ಕಿನ ಚಿಲಕ, ಒಂದು. ಚಕ್ರವಿರುವ ಬಟ್ಟೆಯ ಸೂಟ್‌ಕೇಸ್, ಒಂದು. ಆರು ವರ್ಷದ ಮಗುವಿನ ಮಳೆ ಕೋಟು, ಒಂದು. ಸ್ಟೀಲ್ ಲೋಟ, ಎರಡು. ಸ್ಟೀಲ್ ತಟ್ಟೆ, ಎರಡು.

ಮಗುವನ್ನೂ ಸೇರಿಸಿದರೆ ನಾಲ್ಕು ಜನರ ಮನೆ, ಬುಟ್ಟಿಯಲ್ಲಿ ಎರಡು ತಟ್ಟೆ. ಉಡುಗೊರೆ ಎಲ್ಲಿಯದು! ಈ ಲೆಕ್ಕ ಬೇರೆ ಯಾರಿಗಾದರೂ ತಿಳಿಯುತ್ತಿತ್ತೋ ಇಲ್ಲವೋ, ಅವಳಿಗೆ ತಿಳಿಯಿತು. ಹತ್ತು ವರ್ಷದ ಹಿಂದೆ ಅವಳೂ ಎರಡೇ ತಟ್ಟೆ ಆರಿಸಿದ್ದಳು.

ಆಗ ಮಗಳಿಗೆ ನಾಲ್ಕು ವರ್ಷ. ಮನೆಯಿಂದ ಎರಡು ಬೀದಿ ಆಚೆ ಪಾತ್ರೆ ಅಂಗಡಿ. ಎರಡು ತಟ್ಟೆ, ಎರಡು ಲೋಟ ಆರಿಸಿ, "ನಾಡಿದ್ದು ಬಂದು ತಗೊಂಡು ಹೋಗ್ತೀನಿ, ತೆಗೆದಿಟ್ಟಿರಿ," ಎಂದಿದ್ದಳು. ಹೊರಡುವ ದಿನವೂ ನಾಡಿದ್ದೇ ಆಗಿತ್ತು. ಅಂಗಡಿಯವನು ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಸ್ವಲ್ಪ ಸಡಿಲ. ಮರುದಿನ ಬೀದಿಯಲ್ಲಿ ಅವಳ ಗಂಡ ಸಿಕ್ಕಾಗ, "ನಿಮ್ಮನೆಯವರು ಎರಡು ತಟ್ಟೆ ತೆಗೆದಿಡಿಸಿದಾರೆ, ನೀವೇ ತಗೊಂಡು ಹೋಗಿಬಿಡಿ," ಎಂದು ಕಾಗದ ಸುತ್ತಿ ಕೈಗೆ ಕೊಟ್ಟ. ಗಂಡ ಅವನ್ನು ತಂದು ಮೇಜಿನ ಮೇಲೆ ಇಟ್ಟು, ಕುರ್ಚಿ ಎಳೆದು ಕೂತು, ಮೆಲ್ಲಗೆ ಕೇಳಿದ್ದ: "ಯಾರಿಗೆ ಇದು?" ಆ ರಾತ್ರಿ ನಡೆದದ್ದನ್ನು ಓಲೆಯಕ್ಕ ಇವತ್ತಿಗೂ ಯಾರಿಗೂ ಹೇಳಿಲ್ಲ. ಮತ್ತೆ ಹೊಸ್ತಿಲು ದಾಟಲು ಧೈರ್ಯ ಬರುವುದಕ್ಕೆ ಎರಡು ವರ್ಷ ಹಿಡಿಯಿತು. ಪಾತ್ರೆ ಅಂಗಡಿಯವನನ್ನು ಅವಳು ಮನಸ್ಸಿನಲ್ಲೇ ಎಷ್ಟು ಶಪಿಸಿದ್ದಳೆಂದರೆ, ಪಾಪ, ಅವನಿಗೆ ಬಿಕ್ಕಳಿಕೆ ನಿಂತಿರಲಿಕ್ಕಿಲ್ಲ.

ಈಗ ಆ ಅಂಗಡಿಯವನು ಯಾರು? ಅವಳೇ. ಹನ್ನೊಂದು ಸಾವಿರ ಮನೆಗಳ ಬಾಗಿಲಲ್ಲಿ ನಿಂತು, ಹಲ್ಲು ಕಿರಿದು, "ನಿಮ್ಮನೆಯವರು ಎರಡು ತಟ್ಟೆ ತೆಗೆದಿಡಿಸಿದಾರೆ" ಎನ್ನಲು ಹೊರಟವಳು. ಎರಡನೇ ಪತ್ರದಲ್ಲಿ ತಾನು ಬರೆದದ್ದು ನೆನಪಾಯಿತು. ತಲೆಬರಹ: 'ಪಾಪ, ನಿಮ್ಮ ಚಿಲಕ ಒಂಟಿಯಾಗಿ ಕೂತಿದೆ.' ಕೆಳಗೆ: 'ನಿಮ್ಮನೆಯಲ್ಲಿ ಯಾರೋ ಗುಟ್ಟಾಗಿ ಏನೋ ಹಂಚಿಕೆ ಹಾಕ್ತಿದಾರೆ! ಕಂಡುಹಿಡೀರಿ ನೋಡೋಣ!' ಅದರ ಕೆಳಗೆ ಐದೂ ಸಾಮಾನಿನ ಬಣ್ಣದ ಚಿತ್ರ. ಬರೆದ ದಿನ ತನ್ನ ಮಾತಿಗೆ ತಾನೇ ನಕ್ಕಿದ್ದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಗಡಿಯಾರ ಮೂರು ಇಪ್ಪತ್ತೈದು. ಓಲೆಯಕ್ಕ ಗಾಜಿನ ಕೋಣೆಯ ಬಾಗಿಲು ತಟ್ಟಿದಳು. ಮ್ಯಾನೇಜರ್ ನಗುಮುಖ ಹೊತ್ತುಕೊಂಡೇ ಹೊರಗೆ ಬಂದ, ಬಾಗಿಲು ಮುಚ್ಚಿದ ಮೇಲೆ ಆ ನಗು ಇಳಿಸಿದ.

"ಸರ್, ಇವತ್ತು ಮನೆಮಂದಿ ಪತ್ರ ನಿಲ್ಲಿಸಬೇಕು."

"ಏನು ತಮಾಷೆನಾ?"

ಅವಳು ಆ ಹೆಂಗಸಿನ ನಾಲ್ಕು ಸಾಲನ್ನೂ ಬುಟ್ಟಿಯನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ಕಿವಿಗೊಟ್ಟು ಕೇಳಿದ, ಅದನ್ನು ಒಪ್ಪಬೇಕು. ಕೇಳಿ, ಗಾಜಿನ ಆಚೆಯ ಮೂವರನ್ನು ಒಮ್ಮೆ ನೋಡಿದ.

"ನೋಡಮ್ಮ, ಈ ಮೂರು ಜನ ಮತ್ತೆ ಸಿಗಲ್ಲ. ಇವತ್ತು ಇದು ಸರಿಹೋದ್ರೆ ಈ ಆಫೀಸು ಉಳಿಯುತ್ತೆ, ಇಲ್ಲದಿದ್ರೆ ನಾನೂ ಮನೆಗೆ, ನೀವೂ ಮನೆಗೆ. ಹನ್ನೊಂದು ಸಾವಿರದಲ್ಲಿ ಯಾರೋ ಒಬ್ಬಳು. ಎರಡು ತಟ್ಟೆ ನೋಡಿ ನೀವು ಇಷ್ಟೆಲ್ಲ ಕಲ್ಪಿಸಿಕೊಂಡ್ರೆ ಹೇಗೆ? ಅಷ್ಟಕ್ಕೂ ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ."

"ಉಂಡು ಮಲಗೋಕೇ ಸರ್ ಅವಳು ಎರಡು ತಟ್ಟೆ ಹುಡುಕ್ತಿರೋದು."

"ನಿಮ್ಮ ಪಾಡಿಗೆ ಕೂತ್ಕೊಳ್ಳಿ. ನಾಲ್ಕು ಗಂಟೆ ತನಕ ಏನನ್ನೂ ಮುಟ್ಟಬೇಡಿ." ಅವನು ನಗುವನ್ನು ಮತ್ತೆ ಮುಖಕ್ಕೆ ಏರಿಸಿಕೊಂಡು ಒಳಗೆ ಹೋದ.

ಆ ಗಾದೆ ಕಟ್ಟಿದವನು ಗಂಡಸೇ ಇರಬೇಕು, ಅದೂ ಬಡಿಸಿದ್ದನ್ನು ಉಂಡು ಮಲಗಿದವನು. ಓಲೆಯಕ್ಕನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು, ಅದೇ ಅವಳನ್ನು ಬೇರೆ ದಾರಿ ಹುಡುಕಲು ಎಬ್ಬಿಸಿತು.

ಯಂತ್ರದ ಕೀಲಿ ಇದ್ದದ್ದು ಪ್ರೋಗ್ರಾಮರ್ ಹತ್ತಿರ. ಐವತ್ತು ದಾಟಿದ, ಯಾವುದಕ್ಕೂ ಅವಸರಪಡದ ಮನುಷ್ಯ. ಆಫೀಸಿನಲ್ಲಿ ನಿಧಾನಿ ಎಂದೇ ಹೆಸರು. ಎಲ್ಲ ಬಿಟ್ಟು ಅವನಿಗೆ ಇವತ್ತೇ ದವಡೆ ಹಲ್ಲು ಕೀಳಿಸಿಕೊಳ್ಳಬೇಕಾಗಿತ್ತು. ನಿನ್ನೆಯೇ ಪಟ್ಟಿಗೆ ಬೀಗ ಹಾಕಿದ್ದವನು, ಎಲ್ಲ ತಾನಾಗೇ ನಡೆಯುತ್ತದೆ ಎಂದು ಹೇಳಿ ಮಧ್ಯಾಹ್ನ ದಂತವೈದ್ಯರಲ್ಲಿಗೆ ಹೋಗಿದ್ದ. ಓಲೆಯಕ್ಕ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಐದನೇ ಸಲ ಎತ್ತಿದ. ಆಗ ಮೂರು ಮೂವತ್ತೆಂಟು.

"ಅಣ್ಣಾ, ನಾನು. ಹನ್ನೊಂದು ಸಾವಿರದ ಪಟ್ಟಿ ನಿಲ್ಲಿಸಬೇಕು, ಈಗಲೇ."

"ಊಂ... ಊಂ..."

"ಏನು? ಸರಿಯಾಗಿ ಮಾತಾಡಿ!"

"ಊಂ ಊಂ ಊಂ," ಎಂದ ನಿಧಾನಿ, ಅಳುವ ದನಿಯಲ್ಲಿ. ಹಿಂದಿನಿಂದ ಯಾರೋ ಹೆಂಗಸು, "ಬಾಯಿ ತೆರೀಬೇಡಿ ಅಂತ ಎಷ್ಟು ಸಲ ಹೇಳೋದು, ಹತ್ತಿ ಕಚ್ಚಿಕೊಂಡಿರಿ," ಎಂದು ಗದರಿದ್ದು ಕೇಳಿಸಿತು.

ದೇವರೇ, ಎಂದುಕೊಂಡಳು ಓಲೆಯಕ್ಕ. ಊರಿಗೆಲ್ಲ ಕೂಗಿ ಹೇಳುವ ಯಂತ್ರ ಒಂದು ಕಡೆ, ಬಾಯಿ ಬಿಡಲಾಗದ ಯಂತ್ರದವನು ಇನ್ನೊಂದು ಕಡೆ.

"ಸರಿ, ಕೇಳಿ. ಹೌದಾದ್ರೆ ಊಂ ಅನ್ನಿ, ಇಲ್ಲ ಅಂದ್ರೆ ಊಹೂಂ. ನಿಲ್ಲಿಸೋದು ನನ್ನ ಕೈಲಾಗುತ್ತಾ?"

"ಊಹೂಂ."

"ಪಟ್ಟಿಯಿಂದ ಒಬ್ಬರ ಹೆಸರು ತೆಗೆಯೋದು?"

"ಊಹೂಂ."

"ನೀವು ಅಲ್ಲಿಂದ ಮಾಡೋಕಾಗುತ್ತಾ?"

"ಊಹೂಂ." ಈ ಸಲ ತುಂಬಾ ದುಃಖದಿಂದ.

"ಇಲ್ಲಿಗೆ ಇಪ್ಪತ್ತು ನಿಮಿಷದಲ್ಲಿ ಬರ್ತೀರಾ?"

ಉತ್ತರಕ್ಕೆ ಮೊದಲೇ ಹಿಂದಿನ ಹೆಂಗಸು, "ಅಲ್ಲಾಡಬೇಡಿ!" ಎಂದಳು.

ಓಲೆಯಕ್ಕ ಕಣ್ಣು ಮುಚ್ಚಿ ಯೋಚಿಸಿದಳು. ತನ್ನ ಕೈಯಲ್ಲಿರುವುದು ಏನು? ಯಾರಿಗೆ ಹೋಗಬೇಕು ಎಂಬುದಲ್ಲ, ಯಾವಾಗ ಹೋಗಬೇಕು ಎಂಬುದೂ ಅಲ್ಲ. ಏನು ಹೋಗಬೇಕು ಎಂಬುದು.

"ಅಣ್ಣಾ, ಪಟ್ಟಿಗೆ ಬೀಗ ಇದೆ. ಪತ್ರಕ್ಕೆ ಇದೆಯಾ?"

ನಿಧಾನಿಯ ದನಿ ಏರಿತು. "ಊಹೂಂ!"

"ಅಂದ್ರೆ ನಾಲ್ಕರೊಳಗೆ ನಾನು ಪತ್ರ ತಿದ್ದಿದ್ರೆ ತಿದ್ದಿದ್ದೇ ಹೋಗುತ್ತೆ?"

"ಊಂ."

"ಚಿತ್ರಗಳನ್ನ ತೆಗೆದುಬಿಟ್ರೆ?"

"ಊಂ."

"ಎಲ್ಲಾ ಅಳಿಸಿ ಖಾಲಿ ಬಿಟ್ರೆ?"

"ಊಹೂಂ! ಊಹೂಂ ಊಹೂಂ!"

"ಖಾಲಿ ಬಿಟ್ರೆ ಹಳೇದೇ ಹೋಗುತ್ತಾ?"

"ಊಂ." ನಿಧಾನಿ ಉಸಿರು ಬಿಟ್ಟ.

"ನಿಮ್ಮ ಬಾಯಿ ಬೇಗ ವಾಸಿಯಾಗ್ಲಿ ಅಣ್ಣಾ," ಎಂದು ಫೋನ್ ಇಟ್ಟಳು. ಮೂರು ನಲವತ್ತಮೂರು.

ಪತ್ರದ ಅಚ್ಚು ತೆರೆದಳು. ಸಾಮಾನುಗಳ ಚಿತ್ರ ಬಂದು ಕೂರುವ ಚೌಕವನ್ನು ಹಿಡಿದು ಅಳಿಸಿದಳು. 'ಗುಟ್ಟಾಗಿ ಹಂಚಿಕೆ' ಎಂಬ ತನ್ನ ಮುದ್ದಿನ ಸಾಲನ್ನು ಅಳಿಸುವಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಈಗ ಬಿಳಿಯ ಹಾಳೆ. ಏನಾದರೂ ಬರೆಯಬೇಕು; ಬರೆದದ್ದು ಆ ಗಂಡಸಿನ ಕೈಗೂ ಹೋಗುತ್ತದೆ.

'ಕ್ಷಮಿಸಿ, ಇವತ್ತು ನಿಮಗೆ ನೆನಪಿಸಲು ಏನೂ ಇಲ್ಲ' ಎಂದು ಬರೆದಳು. ಬರೆದು, ಕುರ್ಚಿ ಎಳೆದು ಕೂತ ಅವನ ಕಣ್ಣಿನಿಂದ ಓದಿದಳು. ಆ ಕಣ್ಣು ಅವಳಿಗೆ ಗೊತ್ತಿತ್ತು. ಏನೂ ಇಲ್ಲ ಅಂದ್ರೆ? ಏನಿತ್ತು? ನೀನೇನು ನೋಡ್ತಿದ್ದೆ? ಅಳಿಸಿದಳು. 'ನಮ್ಮ ತಪ್ಪಿನಿಂದ ಈ ಪತ್ರ ಬಂದಿದೆ' ಎಂದಳು. ಯಾವ ಪತ್ರ? ಮೊದಲೂ ಬಂದಿತ್ತಾ? ಫೋನ್ ಕೊಡು ಇಲ್ಲಿ. ಅಳಿಸಿದಳು. ರಿಯಾಯಿತಿ ಎಂದು ಬರೆದರೆ ಅವನು ಅಂಗಡಿ ತೆರೆದು ನೋಡುತ್ತಾನೆ. ಹಿಂದೆ ಏನೇನು ನೋಡಿದ್ದರೆಂಬುದನ್ನು ಅಂಗಡಿಯೇ ಸಾಲಾಗಿ ತೋರಿಸುತ್ತದೆ. ಅಳಿಸಿದಳು. ಅನುಮಾನದ ಮನುಷ್ಯನಿಗೆ ಏನು ಹೇಳಿದರೂ ಅದೇ ಒಂದು ಎಳೆ. ಒಂದನ್ನು ಬಿಟ್ಟು: ತನಗಿಂತ ದಡ್ಡರು ಸಿಕ್ಕಿದರೆ ಅವನು ನಗುತ್ತಾನೆ. ನಕ್ಕರೆ ಮುಂದೆ ಕೆದಕುವುದಿಲ್ಲ. ಆದರೆ ಅವಳಿಗೆ ತಿಳಿಯಬೇಕು, ನಾಲ್ಕು ಗಂಟೆಗೆ ಫೋನ್ ಟಿಂಗ್ ಎಂದಾಗ ಎಲ್ಲಿಯೋ ಒಂದು ಅಡುಗೆಮನೆಯಲ್ಲಿ ಜೀವ ಕೈಯಲ್ಲಿ ಹಿಡಿದು ನಿಂತಿರುವವಳಿಗೆ ತಿಳಿಯಬೇಕು.

ಮೂರು ಐವತ್ತೊಂದು. ಗಾಜಿನ ಕೋಣೆಯಲ್ಲಿ ಯಾರೋ ದೀಪ ಆರಿಸಿದರು, ಪರದೆ ಬೆಳಗಿತು. ಓಲೆಯಕ್ಕನ ಕಿವಿಯಲ್ಲಿ ಇನ್ನೂ ನಿಧಾನಿಯ ಊಂ ಊಂ ಇತ್ತು. ಅವಳು ಬರೆಯತೊಡಗಿದಳು, ತಡೆಯದೆ.

'ನಮಸ್ಕಾರ. ನಮ್ಮ ಆಫೀಸಿನ ಒಬ್ಬ ಅಣ್ಣ ಇವತ್ತು ದವಡೆ ಹಲ್ಲು ಕೀಳಿಸಿಕೊಂಡಿದ್ದಾರೆ. ಬಾಯಲ್ಲಿ ಹತ್ತಿ ಇಟ್ಟುಕೊಂಡು ಕೂತಿದ್ದಾರೆ, ಏನು ಕೇಳಿದರೂ ಊಂ ಅನ್ನುತ್ತಾರೆ. ಅವರ ಮೇಲಿನ ಗೌರವಕ್ಕೆ ಇವತ್ತು ನಮ್ಮ ಅಂಗಡಿಯೂ ಸುಮ್ಮನಿರುತ್ತದೆ. ಯಾರಿಗೂ ಏನನ್ನೂ ಹೇಳುವುದಿಲ್ಲ, ಏನನ್ನೂ ಮಾರುವುದಿಲ್ಲ. ರಾತ್ರಿ ಮಲಗುವ ಮುಂಚೆ ಹಲ್ಲುಜ್ಜಿ. ಜೋಪಾನ.'

ಅವನ ಕಣ್ಣಿನಿಂದ ಓದಿದಳು. ಹುಚ್ಚು ಮುಂಡೇವು, ಎಂದಿತು ಆ ಕಣ್ಣು. ಒಳ್ಳೆಯದು. ಆ ಹೆಂಗಸಿನ ಕಣ್ಣಿನಿಂದ ಓದಿದಳು. ಯಾರಿಗೂ ಏನನ್ನೂ ಹೇಳುವುದಿಲ್ಲ, ಎಂಬುದನ್ನು ಓಲೆಯಕ್ಕ ಎರಡು ಸಲ ಓದಿದಳು. ಉಳಿಸು ಎಂಬ ಗುಂಡಿ ಒತ್ತಿದಳು. ಮೂರು ಐವತ್ತೇಳು. ಇಷ್ಟು ಮಾಡಿದ್ದಕ್ಕೆ ನಾಳೆ ಈ ಕುರ್ಚಿ ಇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮಗಳ ಮುಖ ಕಣ್ಣೆದುರು ಬಂತು, ಹೋಯಿತು.

ಬೆನ್ನು ಹಿಂದಕ್ಕೆ ಒರಗಿಸಿದ್ದೇ ತಡ, ಮಿಂಚಿನಂತೆ ನೆನಪಾಯಿತು.

ತಲೆಬರಹ! ತಲೆಬರಹ ಈ ಹಾಳೆಯಲ್ಲಿ ಇರುವುದೇ ಇಲ್ಲ, ಅದಕ್ಕೆ ಬೇರೆ ಪುಟ. 'ಪಾಪ, ನಿಮ್ಮ ಖಾಲಿ-ಜಾಗ ಒಂಟಿಯಾಗಿ ಕೂತಿದೆ.' ಒಳಗೆ ಹಲ್ಲಿನ ಕತೆ ಬೇಕಾದಷ್ಟಿರಲಿ, ಪತ್ರ ತೆರೆಯುವ ಮೊದಲೇ ಅವನ ಫೋನಿನ ನೆತ್ತಿಯ ಮೇಲೆ ಚಿಲಕ ಬಂದು ಕೂರುತ್ತದೆ. ಒಳಗಿನಿಂದ ಹಾಕುವ ಉಕ್ಕಿನ ಚಿಲಕ.

ಬೇರೆ ಪುಟ ತೆರೆದಳು. ಅದು ತಿರುಗುತ್ತ, ತಿರುಗುತ್ತ ಕೂತಿತು. "ಬಾರೋ, ಬಾರೋ ಮಾರಾಯ," ಎಂದು ಬಾಯಿಬಿಟ್ಟೇ ಅಂದಳು. ಪಕ್ಕದ ಮೇಜಿನ ಹುಡುಗಿ ತಿರುಗಿ ನೋಡಿದಳು. ಪುಟ ತೆರೆಯಿತು. ಮೂರು ಐವತ್ತೊಂಬತ್ತು. ಇಡೀ ಸಾಲನ್ನು ಅಳಿಸಿದಳು. ಕೈ ಬೆವರಿ ಅಕ್ಷರ ತಪ್ಪಿತು, ಮತ್ತೆ ಹೊಡೆದಳು: 'ಒಂದು ಹಲ್ಲಿನ ವಿಷಯ.' ಉಳಿಸು. 'ಖಚಿತವೇ?' ಎಂದು ಯಂತ್ರ ಕೇಳಿತು. "ಹೌದಯ್ಯಾ ಹೌದು!" ಒತ್ತಿದಳು.

ಗೋಡೆಯ ಗಡಿಯಾರದ ಮುಳ್ಳು ಹನ್ನೆರಡಕ್ಕೆ ಬಂತು. ಯಂತ್ರದ ಎಣಿಕೆ ಸೊನ್ನೆಯಿಂದ ಹೊರಟು ನೂರು, ಒಂಬೈನೂರು, ನಾಲ್ಕು ಸಾವಿರ ಎಂದು ಓಡಿತು. ಎರಡು ನಿಮಿಷದಲ್ಲಿ ಎಲ್ಲ ಹೋಯಿತು. ಆಡಿದ ಮಾತು, ಒಡೆದ ಮುತ್ತು. ಇನ್ನು ಹಿಂದಕ್ಕೆ ಬರುವುದಿಲ್ಲ. ಅಚ್ಚು ಸರಿಯಾಗಿ ಕೂತಿತ್ತೋ, ಹಳೆಯದೇ ಹೋಯಿತೋ ಎಂದು ಅವಳಿಗೆ ತಿಳಿದದ್ದು ಗಾಜಿನ ಕೋಣೆಯಿಂದ. ಅಲ್ಲಿ ಪರದೆಯ ಮೇಲೆ, ಆಳೆತ್ತರದ ಅಕ್ಷರಗಳಲ್ಲಿ, ದವಡೆ ಹಲ್ಲು ಮೂಡಿತು.

ನೋಡಲು ಬಂದಿದ್ದ ಮೂವರಲ್ಲಿ ತಲೆ ನರೆತ ಹೆಂಗಸೊಬ್ಬರು ಕೆನ್ನೆ ಮುಟ್ಟಿಕೊಂಡು ಜೋರಾಗಿ ನಕ್ಕರು. ಮಿಕ್ಕ ಇಬ್ಬರು ನಗಲಿಲ್ಲ. ಮ್ಯಾನೇಜರ್ ಹೊರಗೆ ಬಂದ. ಈ ಸಲ ಇಳಿಸುವುದಕ್ಕೆ ಮುಖದ ಮೇಲೆ ನಗು ಇರಲಿಲ್ಲ.

"ಏನಿದು?"

"ಹಲ್ಲು, ಸರ್."

"ಒಬ್ಬಳಿಗೋಸ್ಕರ? ಒಬ್ಬಳಿಗೋಸ್ಕರ ಇಷ್ಟು ಜನರ ಅನ್ನಕ್ಕೆ ಕಲ್ಲು ಹಾಕಿದ್ರಾ?"

"ಹನ್ನೊಂದು ಸಾವಿರದಲ್ಲಿ ಬರೆದವಳು ಒಬ್ಬಳು ಸರ್. ಬರೆಯೋಕೂ ಆಗದೆ ಕೂತವರು ಎಷ್ಟಿದಾರೋ ನಮಗೇನು ಗೊತ್ತು? ಈ ಬುದ್ಧಿ ಕೊಟ್ಟವಳು ನಾನೇ. ತಪ್ಪು ನಂದೇ."

"ನಾಳೆಯಿಂದ ಬರಬೇಡಿ," ಎಂದ ಮ್ಯಾನೇಜರ್, ಕೂಗದೆ.

ಓಲೆಯಕ್ಕ ಚೀಲಕ್ಕೆ ಕನ್ನಡಕದ ಪೆಟ್ಟಿಗೆ, ಊಟದ ಡಬ್ಬಿ ಹಾಕಿಕೊಂಡಳು. ಬಹುಮಾನದ ಮಗ್ಗನ್ನು ಮೇಜಿನ ಮೇಲೇ ಬಿಟ್ಟಳು. ಮೆಟ್ಟಿಲ ಮೇಲೆ ಕೆನ್ನೆ ಊದಿಸಿಕೊಂಡು ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದ ನಿಧಾನಿ ಎದುರಾದ. ಹಲ್ಲು ಕಿತ್ತ ಕುರ್ಚಿಯಿಂದ ಎದ್ದು ಬಂದಿದ್ದ, ಎಂದಿನಂತೆ ತಡವಾಗಿ. "ಎಲ್ಲಾ ಮುಗೀತು ಅಣ್ಣಾ," ಎಂದು ಆ ಹೆಂಗಸಿನ ಪತ್ರದ ವಿಷಯವನ್ನೂ ಹೇಳಿದಳು. "ಒಂದು ಉಪಕಾರ ಮಾಡಿ. ಆ ಉತ್ತರದ ಡಬ್ಬಿ ಇನ್ನು ಮೇಲೆ ಯಾರೂ ಓದಲ್ಲ. ದಿನಾ ಒಂದು ಸಲ ತೆಗೆದು ನೋಡ್ತಾ ಇರಿ."

"ಊಂ," ಎಂದ ನಿಧಾನಿ.

ಮನೆಗೆ ಬಂದು ಮಗಳಿಗೆ ಹೇಳಿದಳು. ಕೆಲಸ ಹೋದದ್ದನ್ನಲ್ಲ ಮೊದಲು, ಎರಡು ತಟ್ಟೆಯ ವಿಷಯ. ಪಾತ್ರೆ ಅಂಗಡಿಯದನ್ನೂ ಹೇಳಿದಳು, ಮೊದಲ ಸಲ. ಮಗಳು, "ಅವಳ ಮಗುಗೂ ಆರೇ ವರ್ಷನಾ? ನಾವು ಬಂದಾಗ ನಂಗೂ ಅಷ್ಟೇ ಅಲ್ವಾ," ಎಂದಳು. ಅಷ್ಟೇ.

ಅಲ್ಲಿಂದ ಮುಂದಿನ ದಿನಗಳು ಆಮೆಯಂತೆ ತೆವಳಿದವು. ಹೊಸ ಕೆಲಸಕ್ಕೆ ಅರ್ಜಿ ಬರೆಯುತ್ತಿದ್ದರೂ ಓಲೆಯಕ್ಕನ ಕಿವಿ ಫೋನಿನ ಮೇಲೆ. ಪತ್ರ ಹೋಗುವ ಮೊದಲೇ ಅವನು ಫೋನ್ ನೋಡಿದ್ದರೆ? ನಿನ್ನೆಯ ಮೊದಲ ಪತ್ರವನ್ನು ಅವಳು ಅಳಿಸದೆ ಮರೆತಿದ್ದರೆ? ಹಲ್ಲಿನ ಪತ್ರವೇ ಅವನಿಗೆ ಅನುಮಾನ ಹುಟ್ಟಿಸಿದ್ದರೆ? ಅನ್ನ ಕಲಸುವಾಗ ಕೈ ತಟ್ಟೆಯಲ್ಲೇ ನಿಂತುಬಿಡುತ್ತಿತ್ತು. ಐದನೇ ದಿನ ನಿಧಾನಿಯೇ ಫೋನ್ ಮಾಡಿದ: ದೊಡ್ಡ ಕಂಪನಿಯವರು ಮತ್ತೆ ಬಂದಿಲ್ಲ, ಮನೆಮಂದಿ ಪತ್ರ ಸದ್ಯಕ್ಕೆ ಮೂಲೆ ಸೇರಿದೆ, ಆದರೆ ಆ ಸಂಜೆ ಟೂತ್‌ಬ್ರಷ್ ಮಾತ್ರ ಸಿಕ್ಕಾಪಟ್ಟೆ ಮಾರಿದೆ. ಡಬ್ಬಿಯ ತುಂಬ ಹಲ್ಲುನೋವಿಗೆ ಮನೆಮದ್ದು ಬಂದಿದೆ. ಅವಳಿಂದ ಏನೂ ಇಲ್ಲ.

ಹನ್ನೆರಡನೇ ದಿನ ಸಂಜೆ ಮಗಳು ಊಟಕ್ಕೆ ತಟ್ಟೆ ಇಡುತ್ತಿದ್ದಾಗ ಫೋನ್ ಬಂತು.

"ಅಕ್ಕಾ, ಒಂದು ಬಂದಿದೆ," ಎಂದ ನಿಧಾನಿ. ಊತ ಇಳಿದು ಮಾತು ಸ್ಪಷ್ಟವಾಗಿತ್ತು. "ಬೇರೆ ವಿಳಾಸದಿಂದ. ಓದ್ಲಾ?"

ಓಲೆಯಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಊಂ," ಎಂದಳು.

ನಿಧಾನಿ ತನ್ನ ರೀತಿಯಲ್ಲೇ, ಒಂದೊಂದೇ ಪದ ಬಿಡಿಸಿ ಓದಿದ. "ಹಲ್ಲಿನ ಪತ್ರ ಬರೆದವರಿಗೆ. ಇದು ನನ್ನ ಹೊಸ ಇಮೇಲ್, ನನ್ನದೊಂದೇ, ಇದನ್ನ ಬೇರೆ ಯಾರೂ ನೋಡಲ್ಲ. ಅವತ್ತು ನಾಲ್ಕು ಗಂಟೆಗೆ ನಮ್ಮನೆಯವರ ಫೋನ್ ನನ್ನೆದುರೇ ಟಿಂಗ್ ಅಂತು. ನಾನು ಒಲೆ ಕಟ್ಟೆ ಹಿಡ್ಕೊಂಡು ನಿಂತಿದ್ದೆ. ಅವರು ಓದಿ ನಕ್ಕರು. ಅವರಮ್ಮನಿಗೂ ಓದಿ ಹೇಳಿದ್ರು, ಎಂಥ ಹುಚ್ಚು ಅಂಗಡಿ ಅಂತ. ಯಾರಿಗೂ ಏನೂ ಹೇಳಲ್ಲ ಅನ್ನೋ ಕಡೆ ನಾನೂ ನಕ್ಕೆ. ಅವರಿಗೆ ಗೊತ್ತಾಗಲಿಲ್ಲ. ಒಂದು ವಾರ ಬಿಟ್ಟು, ಅವರು ಊರಲ್ಲಿಲ್ಲದ ದಿನ, ಮಗುನ ಕರ್ಕೊಂಡು ಬಂದುಬಿಟ್ಟೆ. ಇಲ್ಲಿ ಬಾಗಿಲಿಗೆ ಚಿಲಕ ಚೆನ್ನಾಗಿದೆ." ಅವನು ಒಂದು ಕ್ಷಣ ನಿಂತ. "ಇನ್ನೊಂದು ಸಾಲು ಇದೆ ಅಕ್ಕಾ. ಕೇಳಿಸ್ತಿದೆಯಾ?"

"ಊಂ."

"ತಟ್ಟೆ ಇಲ್ಲೇ ಬೀದಿ ಅಂಗಡಿಯಲ್ಲಿ ಕೈಲಿ ಹಿಡಿದು ನೋಡಿ ತಗೊಂಡೆ. ನಿಮ್ಮಲ್ಲಿ ತಗೊಳ್ಳಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ."

ಓಲೆಯಕ್ಕನಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ. ನಿಧಾನಿ ಆ ಕಡೆ ಕಾದು, ಮೆಲ್ಲಗೆ ಕೆಮ್ಮಿದ. "ಹಾಗಾದ್ರೆ ಅಕ್ಕಾ, ಈ ಬುಟ್ಟಿ ವಾಪಸ್ ಬರಲಿಲ್ಲ ಅಂತ ಬರ್ಕೊಳ್ಲಾ?"

"ಊಂ," ಎಂದಳು ಓಲೆಯಕ್ಕ.

ಮಗಳು ಮೇಜಿನ ಮೇಲೆ ತಟ್ಟೆ ಎರಡನ್ನೂ ಇಟ್ಟು, "ಯಾರಮ್ಮ ಫೋನಲ್ಲಿ? ಬರೀ ಊಂ ಊಂ ಅಂತೀಯಲ್ಲ, ನಿಂಗೂ ಹಲ್ಲು ಕಿತ್ರಾ?" ಎಂದು ಕೇಳಿದಳು.